ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆ: ಹೊಸ ಪ್ರೋಗ್ರಾಮಿಂಗ್ ಭಾಷೆಗಳು ಹಳೆಯವುಗಳಿಂದ ಕಲಿಯುವುದು ಹೇಗೆ?

ಪ್ರಶ್ನೆ: ಅಲೆವೂರಿನವಳು, ಉಡುಪಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಸಹಕಾರಿ ಸಂಘಗಳ ಲೆಕ್ಕಪತ್ರದ ತಂತ್ರಾಂಶ, ಅದರಲ್ಲಿಯೂ ಪಿಗ್ಮಿ ಸಂಗ್ರಹದ ತಂತ್ರಾಂಶ, ನಮ್ಮ ಮುಖ್ಯ ಕಸುಬು. ಪಿಗ್ಮಿ ಠೇವಣಿ ನಮ್ಮೂರಿನಲ್ಲಿಯೇ ಹುಟ್ಟಿದ್ದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿನಲ್ಲೇ ಪಡೆಯತೊಡಗಿತು. ಇಂದಿಗೂ ರಥಬೀದಿಯ ಅಂಗಡಿಗಳಿಗೆ ಸಂಜೆಯಾದರೆ ಏಜೆಂಟರು ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದು ಬರುತ್ತಾರೆ. ಆ ಯಂತ್ರ ಕಳುಹಿಸುವ ಕಡತಗಳನ್ನು ಓದಿ ಲೆಕ್ಕಕ್ಕೆ ಸೇರಿಸುವ ಭಾಗ ನಮ್ಮಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು. ಅದನ್ನು ಈಗ ಕೋಟ್ಲಿನ್ ಎಂಬ ಹೊಸ ಭಾಷೆಗೆ ವರ್ಗಾಯಿಸುತ್ತಿದ್ದೇವೆ.

ವರ್ಗಾಯಿಸುವಾಗ ಹಳೆಯ ಪರೀಕ್ಷಾ ಕೋಡ್‌ನ ಒಂದು ಸಾಲನ್ನು ಕೋಟ್ಲಿನ್ ಕಂಪೈಲರ್ (ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ತಂತ್ರಾಂಶ) ಒಪ್ಪಲಿಲ್ಲ. ಆ ಸಾಲಿನಲ್ಲಿ ಒಂದು ಖಾತೆ ಸಂಖ್ಯೆಯನ್ನು, ಪಾಸ್‌ಬುಕ್ಕಿನಲ್ಲಿ ಇದ್ದ ಹಾಗೆಯೇ, 0125 ಎಂದು ಬರೆಯಲಾಗಿತ್ತು. ನಮ್ಮಲ್ಲಿ ತರಬೇತಿಗೆ ಬಂದಿರುವ ಇಬ್ಬರು ವಿದ್ಯಾರ್ಥಿಗಳು ಕುತೂಹಲದಿಂದ ಅದೇ ಸಾಲನ್ನು ಜಾವಾದಲ್ಲಿ ಓಡಿಸಿ ನೋಡಿದರು. ಜಾವಾ ಯಾವ ತಕರಾರನ್ನೂ ಎತ್ತದೆ ಸ್ವೀಕರಿಸಿತು, ಆದರೆ ಮುದ್ರಿಸಿದ್ದು 85 ಎಂದು. ಆರಂಭದ ಸೊನ್ನೆಯಿಂದಾಗಿ ಜಾವಾ ಅದನ್ನು ಆಕ್ಟಲ್, ಅಂದರೆ ಎಂಟರ ಆಧಾರದ ಸಂಖ್ಯೆ ಎಂದು ಓದುತ್ತದೆ: ಒಂದು ಅರವತ್ತನಾಲ್ಕು, ಎರಡು ಎಂಟು, ಐದು ಬಿಡಿ, ಒಟ್ಟು 85. ಪರೀಕ್ಷೆಯ ಎರಡೂ ಬದಿಯಲ್ಲಿ ಅದೇ ಸಂಖ್ಯೆ ಇದ್ದುದರಿಂದ ಇಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲದ ಕಾರಣ ಇಲ್ಲಿ ಕೇಳುತ್ತಿದ್ದೇನೆ. ಜಾವಾ ರೂಪಿಸಿದವರು ಬುದ್ಧಿವಂತರೇ ಆಗಿರುವಾಗ ಇಂಥದ್ದನ್ನು ಸಿ ಭಾಷೆಯಿಂದ ಏಕೆ ಹೊತ್ತು ತಂದರು? ಕೋಟ್ಲಿನ್ ಅದನ್ನು ಬಿಟ್ಟದ್ದು ಹೇಗೆ? ಇದಕ್ಕಿಂತ ದೊಡ್ಡ ಪ್ರಶ್ನೆಯೊಂದು ಇದರ ಹಿಂದಿದೆ. ನಾವು ಕೋಟ್ಲಿನ್‌ನಲ್ಲಿ ಹೊಸತೆಂದು ಮೆಚ್ಚುತ್ತಿರುವ ಬಹುತೇಕ ಸಂಗತಿಗಳು, ನಲ್ ಸುರಕ್ಷತೆ (ಮೌಲ್ಯವೇ ಇಲ್ಲದ ‘ನಲ್’ ಸ್ಥಿತಿಯಿಂದ ಪ್ರೋಗ್ರಾಂ ಮುರಿಯದಂತೆ ಕಾಯುವುದು), ಟೈಪನ್ನು (ಮೌಲ್ಯ ಸಂಖ್ಯೆಯೋ ಅಕ್ಷರವೋ ಎಂಬ ಬಗೆಯನ್ನು) ತಾನಾಗಿಯೇ ಊಹಿಸಿಕೊಳ್ಳುವುದು, ಫಂಕ್ಷನ್ನುಗಳನ್ನು (ಒಂದು ಕೆಲಸ ಮಾಡುವ ಕೋಡ್ ತುಣುಕುಗಳನ್ನು) ಮೌಲ್ಯಗಳಂತೆ ರವಾನಿಸುವುದು, ಇವೆಲ್ಲ 1960 ಮತ್ತು 70ರ ದಶಕಗಳಲ್ಲಿಯೇ ಬೇರೆ ಬೇರೆ ಭಾಷೆಗಳಲ್ಲಿ ಇದ್ದವು ಎಂದು ಓದಿದ್ದೇನೆ. ಹಾಗಿದ್ದರೆ ತಪ್ಪುಗಳು ಮೂರು ಭಾಷೆಗಳನ್ನು ಸಲೀಸಾಗಿ ದಾಟಿ ಬಂದು, ಒಳ್ಳೆಯ ವಿಚಾರಗಳು ಮಾತ್ರ ನಲವತ್ತು ವರ್ಷ ಹೊರಗೆ ಕಾಯಬೇಕಾದುದು ಏಕೆ?

ಉತ್ತರ: ನಿವೃತ್ತ ಮಾಸ್ಟ್ರು, ಸುರತ್ಕಲ್

ಅಲೆವೂರಿನವರೇ, ನಿಮ್ಮ ವಿದ್ಯಾರ್ಥಿಗಳ ಪ್ರಶ್ನೆ ಬಹಳ ಒಳ್ಳೆಯದು. ಮೊದಲು ಆ ಸೊನ್ನೆಯ ವಂಶಾವಳಿಯನ್ನು ಹೇಳಿಬಿಡುತ್ತೇನೆ, ಏಕೆಂದರೆ ಉತ್ತರದ ಅರ್ಧಭಾಗ ಅದರಲ್ಲಿಯೇ ಇದೆ.

ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ 1969ರ ಸುಮಾರಿಗೆ ಬಿ ಎಂಬ ಭಾಷೆಯನ್ನು ರೂಪಿಸಿದಾಗ ಅವರ ಮುಂದಿದ್ದ ಯಂತ್ರ ಪಿಡಿಪಿ-7. ಅದರ ಒಂದು ಪದದಲ್ಲಿ, ಅಂದರೆ ಯಂತ್ರ ಒಮ್ಮೆಗೆ ನಿರ್ವಹಿಸುವ ಘಟಕದಲ್ಲಿ, 18 ಬಿಟ್‌ಗಳು (ಸೊನ್ನೆ ಅಥವಾ ಒಂದು ಎಂಬ ಅಂಕಿಗಳು). ಒಂದು ಆಕ್ಟಲ್ ಅಂಕಿಗೆ ಮೂರು ಬಿಟ್ ಸಾಕಾಗುವುದರಿಂದ ಇಡೀ ಪದವನ್ನು ಸರಿಯಾಗಿ ಆರು ಅಂಕಿಗಳಲ್ಲಿ ಬರೆಯಬಹುದಿತ್ತು. ಆ ಯಂತ್ರದೊಂದಿಗೆ ಏಗುವವರಿಗೆ ಆಕ್ಟಲ್ ಸಂಖ್ಯೆ ದಿನಬಳಕೆಯ ಸಂಗತಿ. ಅದಕ್ಕಾಗಿ ಒಂದೇ ಒಂದು ಸೊನ್ನೆಯ ಸಂಕೇತ ಇಟ್ಟುಕೊಂಡದ್ದು ಸಹಜವೇ ಆಗಿತ್ತು. ನಂತರ ಬಂದ ಪಿಡಿಪಿ-11 ಯಂತ್ರದ ಪದ 16 ಬಿಟ್‌ಗಳದ್ದು, ಅದು ಮೂರರಿಂದ ಭಾಗವಾಗುವುದಿಲ್ಲ. ಆದರೂ ಅದರಲ್ಲಿ ಎಂಟು ರಿಜಿಸ್ಟರ್‌ಗಳಿದ್ದು (ಲೆಕ್ಕಕ್ಕೆ ಬಳಸುವ ಒಳಗಿನ ಪುಟ್ಟ ಸ್ಮೃತಿಗಳು), ಆದೇಶಗಳೊಳಗಿನ ವಿಭಾಗಗಳು ಮೂರು ಮೂರು ಬಿಟ್‌ಗಳಾಗಿದ್ದ ಕಾರಣ ಅಲ್ಲಿಯೂ ಆಕ್ಟಲ್ ಉಳಿಯಿತು. ಡೆನಿಸ್ ರಿಚಿಯವರು ಬಿ ಭಾಷೆಯನ್ನು ಬೆಳೆಸಿ 1972ರ ಹೊತ್ತಿಗೆ ಸಿ ಮಾಡಿದಾಗ ಸೊನ್ನೆಯೂ ಜೊತೆಗೆ ಬಂತು. ಯೂನಿಕ್ಸ್‌ನಲ್ಲಿ ಕಡತಗಳ ಅನುಮತಿಯನ್ನು ಇಂದಿಗೂ 755 ಎಂದೋ 644 ಎಂದೋ ಬರೆಯುತ್ತೇವಲ್ಲ, ಅದೊಂದು ಜಾಗದಲ್ಲಿ ಆಕ್ಟಲ್ ಈಗಲೂ ನಿಜವಾಗಿ ಉಪಯುಕ್ತ.

1995ರಲ್ಲಿ ಜಾವಾ ಬಂದಾಗ ಅದರ ಕರ್ತೃಗಳ ಗುರಿ ಸಿ ಭಾಷೆಯಿಂದ ಬೆಳೆದ ಸಿ ಪ್ಲಸ್ ಪ್ಲಸ್ ಬರೆಯುತ್ತಿದ್ದ ಲಕ್ಷಾಂತರ ಮಂದಿಯನ್ನು ಸೆಳೆಯುವುದಾಗಿತ್ತು. ಆ ಭಾಷೆಯ ಅಧಿಕೃತ ವಿವರಣೆಯನ್ನು ಬರೆದವರಲ್ಲಿ ಒಬ್ಬರಾದ ಗೈ ಸ್ಟೀಲ್, ತಾವು ಸಿ ಪ್ಲಸ್ ಪ್ಲಸ್‌ನವರನ್ನು ಲಿಸ್ಪ್ ಎಂಬ ಹಳೆಯ ಭಾಷೆಯತ್ತ ಅರ್ಧ ದಾರಿಯವರೆಗಾದರೂ ಎಳೆದುತಂದೆವು ಎಂಬ ಅರ್ಥದ ಮಾತನ್ನು ಮುಂದೆ ಆಡಿದ್ದುಂಟು. ಸ್ಟೀಲ್ ಅವರು 1975ರಲ್ಲಿ ಜೆರಾಲ್ಡ್ ಸಸ್‌ಮನ್ ಅವರೊಂದಿಗೆ ಸ್ಕೀಮ್ ಎಂಬ ಲಿಸ್ಪ್ ಉಪಭಾಷೆಯನ್ನು ಮಾಡಿದವರೂ ಹೌದು, ಆದ್ದರಿಂದ ಈ ಮಾತಿಗೆ ತೂಕವಿದೆ. ಹಾಗೆ ಎಳೆದುತರಬೇಕಾದರೆ ಹೊರಗಿನ ರೂಪ ಬಂದವರಿಗೆ ಪರಿಚಿತವಾಗಿರಬೇಕು. ಗಾರ್ಬೇಜ್ ಕಲೆಕ್ಷನ್‌ನಂಥ (ಬಳಕೆ ಮುಗಿದ ಸ್ಮೃತಿಯನ್ನು ತಾನಾಗಿಯೇ ಮರಳಿ ಪಡೆಯುವ) ದೊಡ್ಡ ಬದಲಾವಣೆಯನ್ನು ಒಳಗೆ ತರುವವರು ಸಂಖ್ಯೆಯನ್ನು ಬರೆಯುವ ಕ್ರಮದಂಥ ಸಣ್ಣ ವಿಷಯದಲ್ಲಿ ಜಗಳ ಕಾಯಲು ಹೋಗುವುದಿಲ್ಲ. ಆವರಣಚಿಹ್ನೆ, ಅರ್ಧವಿರಾಮ, ಸೊನ್ನೆ ಎಲ್ಲವೂ ಒಂದೇ ಕಟ್ಟಿನಲ್ಲಿ ಬಂದವು.

ಇದಕ್ಕಿಂತ ಕೆಟ್ಟ ಉದಾಹರಣೆಯೊಂದಿದೆ. ಸಿ ಭಾಷೆಯಲ್ಲಿ ಬಿಟ್‌ಗಳನ್ನು ಹೋಲಿಸುವ ಒಂಟಿ ಆ್ಯಂಪರ್ಸೆಂಡ್ ಚಿಹ್ನೆಗಿಂತ ಸಮಾನತೆಯನ್ನು ಪರೀಕ್ಷಿಸುವ ಚಿಹ್ನೆಗೆ ಹೆಚ್ಚಿನ ಆದ್ಯತೆ. ಖಾತೆಯ ಸ್ಥಿತಿಯನ್ನು ಬಿಟ್‌ಗಳಲ್ಲಿ ಇಟ್ಟು, ಅದರಲ್ಲಿ 4 ಎಂಬ ಬಿಟ್ ಇದೆಯೇ ಎಂದು ಆವರಣಚಿಹ್ನೆ ಹಾಕದೆ ಕೇಳಿದರೆ, ಸಿ ಮೊದಲು ‘4 ಮತ್ತು 4 ಸಮವೇ’ ಎಂದು ಕೇಳಿಕೊಂಡು, ಹೌದು ಎಂಬ ಉತ್ತರವನ್ನು 1 ಎಂದು ತೆಗೆದುಕೊಂಡು, ಖಾತೆಯ ಕೊನೆಯ ಬಿಟ್ಟನ್ನು ನೋಡಿ ಬರುತ್ತದೆ. ಇದಕ್ಕೆ ಕಾರಣ ಬಿ ಭಾಷೆಯಲ್ಲಿ ಜೋಡಿ ಆ್ಯಂಪರ್ಸೆಂಡ್ ಇರಲೇ ಇಲ್ಲ. ಒಂಟಿ ಚಿಹ್ನೆಯೇ ಎರಡೂ ಕೆಲಸ ಮಾಡುತ್ತಿತ್ತು. ಸಿ ಬೆಳೆಯುವಾಗ ಜೋಡಿ ಚಿಹ್ನೆ ಸೇರಿತು, ಆದರೆ ಆಗಲೇ ಬರೆದಿದ್ದ ಕೋಡ್ ಕೆಡಬಾರದೆಂದು ಹಳೆಯದರ ಆದ್ಯತೆಯನ್ನು ಕದಲಿಸಲಿಲ್ಲ. ಅದನ್ನು ಬದಲಿಸಿದ್ದರೆ ಒಳ್ಳೆಯದಿತ್ತು ಎಂದು ರಿಚಿಯವರೇ ನಂತರ ಬರೆದಿದ್ದಾರೆ. ಅಂದು ಉಳಿಸಿಕೊಂಡ ಕೋಡ್ ಇಂದಿನ ಒಂದು ಮೊಬೈಲ್ ಆ್ಯಪ್‌ನ ಮುಂದೆ ಏನೇನೂ ಅಲ್ಲ. ಆದರೂ ಸಿ ಪ್ಲಸ್ ಪ್ಲಸ್, ಜಾವಾ, ಜಾವಾಸ್ಕ್ರಿಪ್ಟ್, ಸಿ ಶಾರ್ಪ್ ನಾಲ್ಕೂ ಅದೇ ಕ್ರಮವನ್ನು ಪಾಲಿಸಿದವು. ಜಾವಾ ಮತ್ತು ಸಿ ಶಾರ್ಪ್‌ಗಳಲ್ಲಿ ಟೈಪ್ ಹೊಂದದೆ ಕಂಪೈಲರೇ ತಡೆಯುತ್ತದೆ ಎಂಬುದು ಸಮಾಧಾನ; ಜಾವಾಸ್ಕ್ರಿಪ್ಟ್‌ನಲ್ಲಿ ಅದೂ ಇಲ್ಲ. ಪೈಥಾನ್, ಗೋ, ಸ್ವಿಫ್ಟ್, ರಸ್ಟ್ ಇದನ್ನು ಸರಿಪಡಿಸಿವೆ.

ಆಕ್ಟಲ್‌ನ ವಿಷಯದಲ್ಲಿಯೂ ಹೀಗೆಯೇ ಚದುರಿದ ಚಿತ್ರವಿದೆ. ಸಿ ಶಾರ್ಪ್ ಅದನ್ನು ತರಲೇ ಇಲ್ಲ. ಪೈಥಾನ್ 2008ರಲ್ಲಿ ಮೂರನೆಯ ಆವೃತ್ತಿಗೆ ಬಂದಾಗ ಆಕ್ಟಲ್ ಸಂಖ್ಯೆಗೆ ಸೊನ್ನೆಯ ನಂತರ ಓ ಅಕ್ಷರವನ್ನು ಕಡ್ಡಾಯ ಮಾಡಿತು. ಜಾವಾಸ್ಕ್ರಿಪ್ಟ್‌ನ ಕಟ್ಟುನಿಟ್ಟಿನ ವಿಧಾನದಲ್ಲಿ 2009ರಿಂದ ಹಳೆಯ ಬರಹ ನಿಷಿದ್ಧ. ಗೋ 2019ರಲ್ಲಿ ಓ ಅಕ್ಷರದ ರೂಪವನ್ನು ಸೇರಿಸಿದರೂ ಹಳೆಯದನ್ನು ಬಿಟ್ಟಿಲ್ಲ. ಕೋಟ್ಲಿನ್‌ನಲ್ಲಿ ಆಕ್ಟಲ್ ಬರಹವೇ ಇಲ್ಲ, ಮತ್ತು ಸೊನ್ನೆಯನ್ನು ಕಡೆಗಣಿಸಿ 125 ಎಂದು ಓದಿಕೊಳ್ಳದೆ ದೋಷವೆಂದು ಎತ್ತಿತೋರಿಸುವುದು ನನಗೆ ಬಹಳ ವಿವೇಕದ ಆಯ್ಕೆಯಾಗಿ ಕಾಣುತ್ತದೆ, ಏಕೆಂದರೆ ಜಾವಾದಿಂದ ಬರುವವರ ಕೋಡ್ ಸದ್ದಿಲ್ಲದೆ ಅರ್ಥ ಬದಲಿಸುವುದು ಅದರಿಂದ ತಪ್ಪುತ್ತದೆ.

ಉತ್ತರ: ಬಿಜೈ ಬಸ್‌ಸ್ಟ್ಯಾಂಡ್, ಮಂಗಳೂರು

ಮಾಸ್ಟ್ರು ಸೊನ್ನೆಯ ಕಥೆ ಹೇಳಿದರು, ನಾನು ಖರ್ಚಿನ ಕಥೆ ಹೇಳುತ್ತೇನೆ. ನಲವತ್ತು ವರ್ಷ ಏಕೆ ಕಾಯಬೇಕಾಯಿತೆಂದರೆ ಯಂತ್ರಗಳು ಬಡವಾಗಿದ್ದವು, ಅಷ್ಟೇ ಮಾರಾಯ್ರೇ. ಜಾನ್ ಮೆಕಾರ್ಥಿಯವರ ಲಿಸ್ಪ್ ಗಾರ್ಬೇಜ್ ಕಲೆಕ್ಷನ್ನನ್ನು ತಂದದ್ದು 1959ರ ಸುಮಾರಿಗೆ, ಐಬಿಎಂ 704 ಯಂತ್ರದ ಮೇಲೆ. ಅದರ ಸ್ಮೃತಿಯ ಗರಿಷ್ಠ ಮಿತಿ 32,768 ಪದಗಳು. ಮುಂದೆ ಸಿ ಪ್ಲಸ್ ಪ್ಲಸ್ ರೂಪಿಸಿದ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡುವಾಗ ಸಿಮ್ಯುಲಾ ಭಾಷೆಯಲ್ಲಿ ತಮ್ಮ ಪ್ರೋಗ್ರಾಮನ್ನು ಬಹಳ ಅಚ್ಚುಕಟ್ಟಾಗಿ ಬರೆದು, ಅದು ಓಡಲಾರದಷ್ಟು ನಿಧಾನವಾದ್ದರಿಂದ ಬಿಸಿಪಿಎಲ್ ಎಂಬ ಭಾಷೆಯಲ್ಲಿ ಮತ್ತೆ ಬರೆಯಬೇಕಾಯಿತು. ಸಿಮ್ಯುಲಾದ ಕ್ಲಾಸ್ (ದತ್ತಾಂಶವನ್ನೂ ಅದರ ಮೇಲಿನ ಕೆಲಸಗಳನ್ನೂ ಒಟ್ಟಿಗೆ ಕಟ್ಟುವ ಅಚ್ಚು) ಬೇಕು, ಅದರ ವೇಗ ಬೇಡ ಎಂಬ ಆ ಹಟದಿಂದಲೇ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅವರು ಸಿ ಭಾಷೆಗೆ ಕ್ಲಾಸ್ ಜೋಡಿಸಲು ಹೊರಟರು. ವಿಚಾರ ಒಳ್ಳೆಯದಿದ್ದರೆ ಸಾಲದು, ಅದನ್ನು ಕೊಳ್ಳಲು ಯಂತ್ರದಲ್ಲಿ ತ್ರಾಣ ಬೇಕು.

ಉತ್ತರ: ಕೊಂಚಾಡಿ, ಮಂಗಳೂರು

ಬಿಜೈಯವರ ಮಾತು ಗಾರ್ಬೇಜ್ ಕಲೆಕ್ಷನ್‌ಗೆ ಒಪ್ಪುತ್ತದೆ, ಆದರೆ ಎಲ್ಲದಕ್ಕೂ ಒಪ್ಪುವುದಿಲ್ಲ. ಟೈಪನ್ನು ಊಹಿಸಿಕೊಳ್ಳುವ ಕೆಲಸ ನಡೆಯುವುದು ಕಂಪೈಲ್ ಆಗುವಾಗ; ಓಡುವಾಗ ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ರಾಬಿನ್ ಮಿಲ್ನರ್ ಎಡಿನ್‌ಬರೋದಲ್ಲಿ ಎಂ.ಎಲ್. ಭಾಷೆಗಾಗಿ ಅದನ್ನು ರೂಪಿಸಿ, ಅದರ ಸಿದ್ಧಾಂತವನ್ನು 1978ರಲ್ಲಿ ಪ್ರಕಟಿಸಿದರು. ಜಾವಾದಲ್ಲಿ ಸ್ಥಳೀಯ ವೇರಿಯಬಲ್‌ಗಳಿಗೆ ಮಾತ್ರ, ಅದೂ ಸೀಮಿತ ರೂಪದಲ್ಲಿ, ಅದು ಬಂದದ್ದು 2018ರ ಹತ್ತನೆಯ ಆವೃತ್ತಿಯಲ್ಲಿ. ನಡುವಿನ ನಲವತ್ತು ವರ್ಷಗಳನ್ನು ಯಂತ್ರದ ಬಡತನದಿಂದ ವಿವರಿಸಲು ಆಗುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ವಿಚಾರಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಪ್ರಬಂಧಗಳ ಮೂಲಕ ಹೋಗುವುದು ತೀರಾ ಅಪರೂಪ. ಅವು ಮನುಷ್ಯರೊಂದಿಗೆ ಪ್ರಯಾಣ ಮಾಡುತ್ತವೆ. ಹಳೆಯ ಭಾಷೆಯಲ್ಲಿ ಕೈ ಪಳಗಿಸಿಕೊಂಡು, ಅದರ ಸುಖ ಮತ್ತು ಕಿರಿಕಿರಿ ಎರಡನ್ನೂ ಅನುಭವಿಸಿದವರು ಹೊಸದನ್ನು ಕಟ್ಟುವ ಸ್ಥಾನಕ್ಕೆ ಬಂದಾಗಲೇ ಅದು ದಾಟುತ್ತದೆ. ಬಿಜೈಯವರು ಹೇಳಿದ ಸ್ಟ್ರೌಸ್ಟ್ರುಪ್ ಅವರ ಪ್ರಸಂಗವೇ ಅದಕ್ಕೆ ಸಾಕ್ಷಿ. ಸಿಮ್ಯುಲಾ ನಿಧಾನವಾಗಿತ್ತು ಎಂಬುದಕ್ಕಿಂತಲೂ, ಅದನ್ನು ಬಳಸಿ ಮೆಚ್ಚಿದವರೊಬ್ಬರು ಬೆಲ್ ಲ್ಯಾಬ್ಸ್‌ಗೆ ಹೋದರು ಎಂಬುದು ಇಲ್ಲಿ ಮುಖ್ಯ.

ಪೈಥಾನ್‌ನ ಗೀಡೊ ವಾನ್ ರಾಸಮ್ ಅವರನ್ನು ನೋಡಿ. ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಮತ್ತು ಗಣಕವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಅವರು 1980ರ ದಶಕದಲ್ಲಿ ಎಬಿಸಿ ಎಂಬ ಕಲಿಕೆಯ ಭಾಷೆಯ ತಂಡದಲ್ಲಿದ್ದರು. ಸಾಲುಗಳನ್ನು ಒಳಕ್ಕೆ ಸರಿಸಿ ಬರೆಯುವುದರಿಂದಲೇ ಕೋಡ್‌ನ ಗುಂಪನ್ನು ಸೂಚಿಸುವ ಕ್ರಮ ಅಲ್ಲಿಂದ ಬಂದದ್ದು. ಆದರೆ ಎಬಿಸಿ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡ ಭಾಷೆಯಾಗಿತ್ತು. ಬಳಸುವವರು ಅದಕ್ಕೆ ಹೊಸ ಸೌಲಭ್ಯಗಳನ್ನು ಸೇರಿಸುವುದು, ಆಪರೇಟಿಂಗ್ ಸಿಸ್ಟಮ್‌ನೊಡನೆ ವ್ಯವಹರಿಸುವುದು ಕಷ್ಟವಿತ್ತು. 1989ರ ಕೊನೆಯಲ್ಲಿ ಆರಂಭವಾಗಿ 1991ರಲ್ಲಿ ಬಿಡುಗಡೆಯಾದ ಪೈಥಾನ್ ಮೊದಲಿನಿಂದಲೂ ವಿಸ್ತರಿಸಬಲ್ಲ ಭಾಷೆಯಾಯಿತು. ಎಬಿಸಿ ಭಾಷೆಯನ್ನು ಬರೀ ಓದಿ ತಿಳಿದವರಿಗೆ ಅದರ ಅಂದ ಕಾಣುತ್ತಿತ್ತೇನೋ. ಅದರ ಉಸಿರುಗಟ್ಟು ತಿಳಿಯಬೇಕಾದರೆ ಒಳಗಿದ್ದು ದುಡಿದಿರಬೇಕು.

ಗೋ ಭಾಷೆಯ ಕಥೆಯೂ ಹೀಗೆಯೇ. ಸ್ವತಂತ್ರವಾಗಿ ಓಡುವ ಪ್ರಕ್ರಿಯೆಗಳು ಪರಸ್ಪರ ಸಂದೇಶ ಕಳುಹಿಸಿಕೊಂಡೇ ಕೆಲಸ ಮಾಡಬೇಕೆಂಬ ವಿಚಾರವನ್ನು ಟೋನಿ ಹೋರ್ 1978ರ ಪ್ರಬಂಧದಲ್ಲಿ ಮುಂದಿಟ್ಟರು. ಅದನ್ನು ಓದಿದವರು ಸಾವಿರಾರು ಮಂದಿ. ಆದರೆ ರಾಬ್ ಪೈಕ್ ಬೆಲ್ ಲ್ಯಾಬ್ಸ್‌ನಲ್ಲಿ 1980ರ ದಶಕದಲ್ಲಿಯೇ ನ್ಯೂಸ್ಕ್ವೀಕ್ ಎಂಬ ಸಣ್ಣ ಭಾಷೆಯಲ್ಲಿ ಅಂಥ ಸಂದೇಶಗಳು ಸಾಗುವ ಚಾನಲ್‌ಗಳನ್ನು ಅಳವಡಿಸಿದ್ದರು. ಅದೇ ಪ್ರಯೋಗಾಲಯದ ಅಲೆಫ್, ಲಿಂಬೊ ಭಾಷೆಗಳಲ್ಲಿ ಅದೇ ವಿಚಾರ ಮತ್ತೆ ಮತ್ತೆ ತಿದ್ದಿಸಿಕೊಂಡಿತು. ಪೈಕ್ ಅವರು ಥಾಂಪ್ಸನ್ ಮತ್ತು ರಾಬರ್ಟ್ ಗ್ರೀಸೆಮರ್ ಅವರೊಂದಿಗೆ 2009ರಲ್ಲಿ ಗೋ ಹೊರತಂದಾಗ ನಮಗೆ ಅದು ಹೊಸತೆನಿಸಿತು. ಬಾಣದ ಗುರುತಿನಿಂದ ಚಾನಲ್‌ಗೆ ಮೌಲ್ಯ ಕಳುಹಿಸುವ ಬರಹದ ರೀತಿ ಕೂಡ ನ್ಯೂಸ್ಕ್ವೀಕ್‌ನದೇ.

ಇನ್ನೊಂದು ಉದಾಹರಣೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಫಿಲಿಪ್ ವಾಡ್ಲರ್ ಎಂಬ ವಿದ್ವಾಂಸರು 1989ರಲ್ಲಿ ಸ್ಟೀಫನ್ ಬ್ಲಾಟ್ ಅವರೊಂದಿಗೆ ಹ್ಯಾಸ್ಕೆಲ್ ಭಾಷೆಗಾಗಿ ಟೈಪ್ ಕ್ಲಾಸ್ ಎಂಬ ವ್ಯವಸ್ಥೆಯನ್ನು (ಒಂದೇ ಹೆಸರಿನ ಕೆಲಸವನ್ನು ಬೇರೆ ಬೇರೆ ಟೈಪ್‌ಗಳು ತಮ್ಮದೇ ರೀತಿಯಲ್ಲಿ ಮಾಡಲು ಬಿಡುವುದು) ರೂಪಿಸಿದರು. 1990ರ ದಶಕದ ಕೊನೆಗೆ ಜಾವಾಗೆ ಜೆನೆರಿಕ್ಸ್ (ಒಂದೇ ಕೋಡ್ ಹಲವು ಟೈಪ್‌ಗಳಿಗೆ ಒಗ್ಗುವಂತೆ ಬರೆಯುವ ಸೌಲಭ್ಯ) ಸೇರಿಸುವ ವಿನ್ಯಾಸವನ್ನು ಮಾರ್ಟಿನ್ ಓಡರ್ಸ್ಕಿ, ಗಿಲಾಡ್ ಬ್ರಾಚ ಮೊದಲಾದವರೊಂದಿಗೆ ಮಾಡಿದವರಲ್ಲಿ ಅವರೂ ಒಬ್ಬರು. ಅದು 2004ರಲ್ಲಿ ಜಾವಾದ ಐದನೆಯ ಆವೃತ್ತಿಗೆ ಸೇರಿತು. ಜೆನೆರಿಕ್ಸ್ ಇಲ್ಲದೆಯೇ ಹೊರಟಿದ್ದ ಗೋ ತಂಡ ಕೊನೆಗೆ ಬೇಕೆಂದು ತೀರ್ಮಾನಿಸಿದಾಗ ನೆರವು ಕೇಳಿದ್ದು ಕೂಡ ಅವರನ್ನೇ. 2020ರಲ್ಲಿ ಆ ಕುರಿತ ಪ್ರಬಂಧ ಬಂತು, 2022ರ ಮಾರ್ಚ್‌ನಲ್ಲಿ ಗೋ 1.18ರಲ್ಲಿ ಜೆನೆರಿಕ್ಸ್ ಬಂತು. ಮೂರು ದಶಕಗಳು, ಒಂದರ ಮುಖ ಇನ್ನೊಂದಕ್ಕೆ ಹೋಲದ ಮೂರು ಭಾಷೆಗಳು, ಆದರೆ ಒಳಗಿನ ಕೈ ಒಂದೇ.

ಕೋಟ್ಲಿನ್‌ನ ನಲ್ ಸುರಕ್ಷತೆಯನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಹೋರ್ ಅವರೇ 1965ರಲ್ಲಿ ಆಲ್ಗಾಲ್ ಡಬ್ಲ್ಯುನಲ್ಲಿ ನಲ್ ಉಲ್ಲೇಖವನ್ನು ತಂದವರು. ಅದು ತಮ್ಮ ಶತಕೋಟಿ ಡಾಲರ್‌ನ ತಪ್ಪು ಎಂದು 2009ರಲ್ಲಿ ಹೇಳಿದವರೂ ಅವರೇ. ಕೋಟ್ಲಿನ್ ಕಟ್ಟಿದ ಜೆಟ್‌ಬ್ರೇನ್ಸ್ ಸಂಸ್ಥೆಯ ಕಸುಬೇ ಜಾವಾ ಕೋಡ್‌ನ ತಪ್ಪುಗಳನ್ನು ಹುಡುಕಿ ತೋರಿಸುವ ಎಡಿಟರ್ ತಯಾರಿಕೆ. ನಲ್‌ನ ಕಾಟವನ್ನು ದಿನವೂ ಕಣ್ಣಾರೆ ಕಾಣುತ್ತಿದ್ದವರಿಗೆ ಯಾರ ಉಪದೇಶವೂ ಬೇಕಾಗಿರಲಿಲ್ಲ.

ಪ್ರಶ್ನೆ ಕೇಳಿದವರಿಂದ: ಅಲೆವೂರಿನವಳು

ಮೂವರಿಗೂ ಧನ್ಯವಾದಗಳು. ಕೊಂಚಾಡಿಯವರ ಮಾತು ನನಗೆ ಹಿಡಿಸಿತಾದರೂ ಒಂದು ಸಂದೇಹ ಉಳಿದಿದೆ. ಅನುಭವವೇ ಕಲಿಸುವುದಾದರೆ, ಒಂದೇ ತಪ್ಪನ್ನು ಅನುಭವಿಗಳು ಮತ್ತೆ ಮತ್ತೆ ಮಾಡುವುದು ಏಕೆ? ಗೋ ಕಟ್ಟಿದವರಿಗಿಂತ ಹೆಚ್ಚಿನ ಅನುಭವ ಯಾರಿಗಿತ್ತು? ಆಕ್ಟಲ್ ಸೊನ್ನೆ ಅವರಲ್ಲಿಯೂ ಉಳಿಯಿತು, ನಲ್ ಕೂಡ ಉಳಿಯಿತು. ಬಿ ಭಾಷೆಗೆ ಆ ಸೊನ್ನೆಯನ್ನು ತಂದವರೇ ಗೋ ತಂಡದಲ್ಲಿದ್ದರು ಎಂಬುದನ್ನು ಮಾಸ್ಟ್ರು ಹೇಳಿದ್ದರಿಂದಲೇ ಗಮನಿಸಿದೆ.

ಉತ್ತರ: ಪಡುಬಿದ್ರಿ

ಅಕ್ಕ, ನಿಮ್ಮ ಸಂದೇಹ ನ್ಯಾಯವಾದದ್ದು. ಅದಕ್ಕೆ ಸೊನ್ನೆಗಿಂತ ಒಳ್ಳೆಯ ಉದಾಹರಣೆ ಲೂಪ್‌ನ ವೇರಿಯಬಲ್. ನಿಮ್ಮ ಪಿಗ್ಮಿ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಮೂವರು ಏಜೆಂಟರ ಪಟ್ಟಿಯ ಮೇಲೆ ಲೂಪ್ ಹಾಕಿ, ಪ್ರತಿಯೊಬ್ಬರಿಗೂ ಒಂದು ಪುಟ್ಟ ಫಂಕ್ಷನ್ ಮಾಡಿ ಇಡುತ್ತೀರಿ. ಆ ಫಂಕ್ಷನ್ ಸಂಜೆ ಓಡಿದಾಗ ಆಯಾ ಏಜೆಂಟರ ಹೆಸರಿನಲ್ಲಿ ವರದಿ ಹೋಗಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಹಳೆಯ ವಾರ್ ಪದ ಬಳಸಿ ಬರೆದಿದ್ದರೆ ಮೂರು ವರದಿಗಳೂ ಕೊನೆಯ ಏಜೆಂಟರ ಹೆಸರಿನಲ್ಲಿಯೇ ಹೋಗುತ್ತವೆ. ಕಾರಣವಿಷ್ಟೆ: ಇಡೀ ಲೂಪ್‌ಗೆ ಒಂದೇ ವೇರಿಯಬಲ್, ಮೂರೂ ಫಂಕ್ಷನ್‌ಗಳು ಮೌಲ್ಯವನ್ನು ಹಿಡಿಯದೆ ಆ ಒಂದೇ ಡಬ್ಬಿಯನ್ನು ಹಿಡಿದುಕೊಂಡಿವೆ, ಸಂಜೆಯ ಹೊತ್ತಿಗೆ ಡಬ್ಬಿಯಲ್ಲಿ ಉಳಿದಿರುವುದು ಕೊನೆಯ ಹೆಸರು.

ಸಿ ಶಾರ್ಪ್‌ನಲ್ಲಿಯೂ ಇದೇ ತೊಂದರೆ ಇತ್ತು. ಅಲ್ಲಿನ ತಂಡ 2012ರಲ್ಲಿ, ಐದನೆಯ ಆವೃತ್ತಿಯಲ್ಲಿ, ಹಳೆಯ ಕೋಡ್‌ನ ಅರ್ಥ ಬದಲಾಗುತ್ತದೆಂದು ಗೊತ್ತಿದ್ದೂ ಪಟ್ಟಿಯ ಮೇಲೆ ಸಾಗುವ ಫೋರ್‌ಈಚ್ ಲೂಪ್ ಪ್ರತಿ ಸುತ್ತಿಗೂ ಹೊಸ ವೇರಿಯಬಲ್ ಸೃಷ್ಟಿಸುವಂತೆ ಮಾಡಿತು. ಜಾವಾಸ್ಕ್ರಿಪ್ಟ್ 2015ರಲ್ಲಿ ಲೆಟ್ ಪದವನ್ನು ತಂದು ಅದೇ ಪರಿಹಾರ ಕೊಟ್ಟಿತು. ಸಿ ಶಾರ್ಪ್‌ನ ಬದಲಾವಣೆಗೆ ಮೂರು ವರ್ಷ ಮೊದಲು ಪ್ರಕಟವಾದ ಗೋ ಅದೇ ಹಳ್ಳಕ್ಕೆ ಬಿದ್ದು, ಅದನ್ನು ಸರಿಪಡಿಸಿದ್ದು 2024ರ ಫೆಬ್ರುವರಿಯಲ್ಲಿ, 1.22ನೆಯ ಆವೃತ್ತಿಯಲ್ಲಿ. ಪೈಥಾನ್‌ನಲ್ಲಿ ಇಂದಿಗೂ ಒಂದೇ ಡಬ್ಬಿ. ಅನುಭವಿಗಳು ಏಕೆ ಎಡವಿದರು ಎಂದರೆ, ಸಿ ಭಾಷೆಯಲ್ಲಿ ಹೀಗೆ ಹೊರಗಿನ ವೇರಿಯಬಲ್ಲನ್ನು ಹಿಡಿದುಕೊಳ್ಳುವ ಫಂಕ್ಷನ್‌ಗಳೇ ಇರಲಿಲ್ಲ. ಅಲ್ಲಿ ಒಂದೇ ಡಬ್ಬಿಯ ಲೂಪ್ ಪೂರ್ತಿ ನಿರುಪದ್ರವಿ. ಸಿ ಭಾಷೆಯ ಲೂಪ್ ಒಂದು ಕಡೆಯಿಂದ, ಸ್ಕೀಮ್ ಪರಂಪರೆಯ ಫಂಕ್ಷನ್ ಇನ್ನೊಂದು ಕಡೆಯಿಂದ ಬಂದು ಸೇರಿದಾಗಷ್ಟೇ ತಪ್ಪು ಹುಟ್ಟಿತು. ಎರಡೂ ಮೂಲಗಳಲ್ಲಿ ಇಲ್ಲದ ತಪ್ಪನ್ನು ಮೂಲಗಳ ಅನುಭವದಿಂದ ಕಲಿಯುವುದು ಹೇಗೆ? ಆದ್ದರಿಂದ ನಾನು ಕೊಂಚಾಡಿಯವರ ಮಾತಿಗೆ ಒಂದು ತಿದ್ದುಪಡಿ ಸೇರಿಸುತ್ತೇನೆ: ಅನುಭವ ಒಂದೊಂದು ಭಾಷೆಯದು ಬೇರೆ, ಅವುಗಳ ಬೆರಕೆಯದು ಬೇರೆ.

ಗೋ ಅದನ್ನು ಸರಿಪಡಿಸಿದ ರೀತಿಯಲ್ಲಿ ಕಲಿಯುವುದಿದೆ. ಪ್ರತಿ ಯೋಜನೆಯ ಮಾಡ್ಯೂಲ್ ಕಡತದಲ್ಲಿ ಯಾವ ಆವೃತ್ತಿಯ ಗೋ ಎಂಬ ಸಾಲು ಇರುತ್ತದೆ, ಅಲ್ಲಿ 1.22 ಅಥವಾ ನಂತರದ್ದೆಂದು ಬರೆದವರಿಗೆ ಮಾತ್ರ ಹೊಸ ಅರ್ಥ, ಉಳಿದವರಿಗೆ ಹಳೆಯದೇ. ರಸ್ಟ್‌ನಲ್ಲಿ 2015, 2018, 2021, 2024 ಎಂದು ಎಡಿಷನ್‌ಗಳಿದ್ದು, ಬೇರೆ ಬೇರೆ ಎಡಿಷನ್‌ನ ಕೋಡ್ ಒಟ್ಟಿಗೆ ಬಾಳುತ್ತದೆ. ಪೈಥಾನ್ 3 ಬಂದದ್ದು 2008ರ ಡಿಸೆಂಬರ್, ಪೈಥಾನ್ 2ಕ್ಕೆ ಅಧಿಕೃತ ಬೆಂಬಲ ನಿಂತದ್ದು 2020ರ ಜನವರಿ 1. ಆ ಹನ್ನೊಂದು ವರ್ಷಗಳ ಎಳೆದಾಟವನ್ನು ಕಂಡ ಯಾರೂ ಎಲ್ಲರನ್ನೂ ಒಂದೇ ದಿನ ದಾಟಿಸಲು ಮತ್ತೆ ಕೈಹಾಕಲಾರರು.

ಉತ್ತರ: ನಿವೃತ್ತ ಮಾಸ್ಟ್ರು, ಸುರತ್ಕಲ್

ಪಡುಬಿದ್ರಿಯವರು ಬೆರಕೆಯ ಬಗ್ಗೆ ಹೇಳಿದ್ದು ಸರಿ. ಅದಕ್ಕೊಂದು ಸಣ್ಣ ಸೇರ್ಪಡೆ. ರೂಪವನ್ನು ಮಾತ್ರ ಎರವಲು ಪಡೆಯುವುದೂ ಉಂಟು. ಬ್ರೆಂಡನ್ ಐಕ್ 1995ರಲ್ಲಿ ಜಾವಾಸ್ಕ್ರಿಪ್ಟ್ ಮಾಡಿದಾಗ ಫಂಕ್ಷನ್‌ಗಳನ್ನು ಸ್ಕೀಮ್‌ನಿಂದ, ಪ್ರೋಟೊಟೈಪ್‌ಗಳನ್ನು (ಅಚ್ಚಿನ ಬದಲು ಇರುವ ವಸ್ತುವೊಂದನ್ನೇ ಮಾದರಿಯಾಗಿಟ್ಟು ಇನ್ನೊಂದನ್ನು ಮಾಡುವ ಕ್ರಮ) ಸೆಲ್ಫ್ ಎಂಬ ಭಾಷೆಯಿಂದ ಪಡೆದು ಮೇಲೆ ಜಾವಾದ ಅಂಗಿ ತೊಡಿಸಿದರು. 2015ರಲ್ಲಿ ಅದಕ್ಕೆ ಕ್ಲಾಸ್ ಎಂಬ ಬರಹವೂ ಸೇರಿತು, ಆದರೆ ಒಳಗೆ ಕೆಲಸ ಮಾಡುವುದು ಪ್ರೋಟೊಟೈಪೇ. ನಮ್ಮ ಕಡೆ ಕೆಡವಿದ ಗುತ್ತಿನ ಮನೆಗಳಿಂದ ಕೆತ್ತನೆಯ ಹಲಸಿನ ಮರದ ಕಂಬಗಳನ್ನು ಕೊಂಡು ತಂದು ಹೊಸ ಆರ್‌ಸಿಸಿ ಮನೆಯ ಚಾವಡಿಯಲ್ಲಿ ನಿಲ್ಲಿಸುತ್ತಾರೆ. ಕಂಬ ಅಸಲಿಯೇ, ಆದರೆ ಸ್ಲ್ಯಾಬ್ ಅದರ ಮೇಲೆ ಕುಳಿತಿಲ್ಲ. ನಿಮ್ಮ ವಿದ್ಯಾರ್ಥಿಗಳು ಜಾವಾದ ಕ್ಲಾಸ್ ಕಲಿತು ಜಾವಾಸ್ಕ್ರಿಪ್ಟ್‌ಗೆ ಹೋಗುವಾಗ ಇದನ್ನು ತಿಳಿಸಿಕೊಡುವುದು ಒಳ್ಳೆಯದು.

ಸಾಲವನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವ ಭಾಷೆ ಬೇಕಿದ್ದರೆ ರಸ್ಟ್‌ನ ಅಧಿಕೃತ ವಿವರಣೆಯಲ್ಲಿ ಪ್ರಭಾವಗಳ ಒಂದು ಪುಟವೇ ಇದೆ. ಟೈಪ್ ಊಹೆ ಮತ್ತು ಪ್ಯಾಟರ್ನ್ ಮ್ಯಾಚಿಂಗ್ (ಮೌಲ್ಯದ ರೂಪ ನೋಡಿ ದಾರಿ ಆರಿಸುವುದು) ಎಂ.ಎಲ್. ಕುಟುಂಬದಿಂದ, ಸ್ಮೃತಿಯ ಪ್ರದೇಶಗಳನ್ನು ಲೆಕ್ಕವಿಡುವ ಕ್ರಮ ಸೈಕ್ಲೋನ್ ಎಂಬ ಭಾಷೆಯಿಂದ, ಟೈಪ್ ಕ್ಲಾಸ್ ಹ್ಯಾಸ್ಕೆಲ್‌ನಿಂದ ಎಂದು ಬರೆದಿಟ್ಟಿದ್ದಾರೆ. ಗ್ರೇಡನ್ ಹೋರ್ ಅದನ್ನು 2006ರಲ್ಲಿ ಆರಂಭಿಸಿದಾಗ ಮೊದಲ ಕಂಪೈಲರ್ ಬರೆದದ್ದೇ ಎಂ.ಎಲ್. ಕುಟುಂಬದ ಓಕ್ಯಾಮಲ್‌ನಲ್ಲಿ. ಕೊಂಚಾಡಿಯವರ ವಾದಕ್ಕೆ ಇದೂ ಒಂದು ಸಾಕ್ಷಿ.

ಉತ್ತರ: ಕೊಂಚಾಡಿ, ಮಂಗಳೂರು

ತಿದ್ದುಪಡಿಯನ್ನು ಒಪ್ಪುತ್ತೇನೆ. ಕೋಟ್ಲಿನ್‌ಗೆ ಹೋಗುತ್ತಿರುವವರಿಗೆ ಕೆಲಸಕ್ಕೆ ಬರುವ ಒಂದು ಸಂಗತಿಯನ್ನು ಮಾತ್ರ ಸೇರಿಸುತ್ತೇನೆ, ಏಕೆಂದರೆ ಬಿಟ್ಟುಬಿಡುವುದೂ ಒಂದು ಬಗೆಯ ಕಲಿಕೆ, ಮತ್ತು ಅದರಲ್ಲಿ ಎಡವುವುದೂ ಸಾಧ್ಯ.

ಜಾವಾದಲ್ಲಿ ಒಂದು ಮೆಥಡ್ (ಕ್ಲಾಸ್‌ನೊಳಗಿನ ಫಂಕ್ಷನ್) ಎಸೆಯಬಹುದಾದ ಕೆಲವು ಬಗೆಯ ಎಕ್ಸೆಪ್ಷನ್‌ಗಳನ್ನು, ಅಂದರೆ ಓಡುವಾಗ ಎದುರಾಗುವ ದೋಷದ ಸೂಚನೆಗಳನ್ನು, ಅದರ ತಲೆಬರಹದಲ್ಲಿಯೇ ಘೋಷಿಸಬೇಕು. ಕರೆಯುವವರು ಹಿಡಿಯಬೇಕು, ಇಲ್ಲವೇ ತಾವೂ ಘೋಷಿಸಬೇಕು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಬೇಸತ್ತ ಪ್ರೋಗ್ರಾಮರ್‌ಗಳು ಖಾಲಿ ಕ್ಯಾಚ್ ಬರೆದು ದೋಷವನ್ನು ನುಂಗಿಹಾಕತೊಡಗಿದರು. ಸಿ ಶಾರ್ಪ್ ವಿನ್ಯಾಸ ಮಾಡಿದ ಆ್ಯಂಡರ್ಸ್ ಹೈಲ್ಸ್‌ಬರ್ಗ್ ಅದನ್ನು ಬೇಕೆಂದೇ ತರಲಿಲ್ಲ. ಕೋಟ್ಲಿನ್ ಕೂಡ ತರಲಿಲ್ಲ. ಇವೆರಡೂ ಕಲಿತ ಪಾಠ, ಕಡ್ಡಾಯ ಮಾಡಬಾರದು ಎಂಬುದು. ರಸ್ಟ್ ಅದೇ ಅನುಭವಕ್ಕೆ ಬೇರೆಯೇ ಉತ್ತರ ಕೊಟ್ಟಿತು: ದೋಷ ಸಂಭವಿಸಬಹುದೆಂಬುದನ್ನು ಫಂಕ್ಷನ್ ಮರಳಿಸುವ ಮೌಲ್ಯದ ಟೈಪ್‌ನಲ್ಲಿಯೇ ಇರಿಸಿ, ಎಂ.ಎಲ್. ಮತ್ತು ಹ್ಯಾಸ್ಕೆಲ್‌ಗಳ ದಾರಿಯಲ್ಲಿ, ಅದನ್ನು ಮೇಲಕ್ಕೆ ಕಳುಹಿಸಲು ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು 2016ರಲ್ಲಿ ಕೊಟ್ಟಿತು. ಕಡ್ಡಾಯ ಉಳಿಯಿತು, ಬೇಸರ ಹೋಯಿತು. ಜಾವಾದ ವಿಚಾರ ಸರಿಯಿದ್ದು ರೂಪ ಮಾತ್ರ ತಪ್ಪಿತ್ತು ಎಂಬುದು ನನ್ನ ಎಣಿಕೆ. ಸಿ ಶಾರ್ಪ್ ಪಕ್ಷದವರು ಒಪ್ಪಲಿಕ್ಕಿಲ್ಲ.

ನಿಮ್ಮ ಮಟ್ಟಿಗೆ ಇದರ ಅರ್ಥವಿಷ್ಟು: ಏಜೆಂಟರ ಯಂತ್ರದಿಂದ ಕಡತ ಓದುವ ಭಾಗದಲ್ಲಿ, ಸಂಪರ್ಕ ಕಡಿದರೆ ಏನು ಮಾಡಬೇಕೆಂದು ಜಾವಾ ಕಂಪೈಲರ್ ಇದುವರೆಗೆ ಒತ್ತಾಯಿಸಿ ಬರೆಸಿರುತ್ತದೆ. ಕೋಟ್ಲಿನ್ ಒತ್ತಾಯಿಸುವುದಿಲ್ಲ. ವರ್ಗಾವಣೆಯಾದ ನಂತರ ಹೊಸದಾಗಿ ಬರೆಯುವ ಕೋಡ್‌ನಲ್ಲಿ ಕಡತ ಓದುವ, ನೆಟ್‌ವರ್ಕ್ ಮುಟ್ಟುವ ಪ್ರತಿಯೊಂದು ಕರೆಯನ್ನೂ ಪರಿಶೀಲನೆಯ ವೇಳೆ ನೀವೇ ಕಣ್ಣಿಟ್ಟು ನೋಡಬೇಕಾಗುತ್ತದೆ. ಇಲ್ಲವಾದರೆ ಅಂಥ ಫಂಕ್ಷನ್‌ಗಳು ಯಶಸ್ಸು ಅಥವಾ ದೋಷ ಎಂಬ ಎರಡೇ ರೂಪಗಳುಳ್ಳ ಒಂದು ಸೀಲ್ಡ್ ಕ್ಲಾಸನ್ನು ಮರಳಿಸುವಂತೆ ನಿಯಮ ಮಾಡಿಕೊಳ್ಳಿ. ವೆನ್ ಪದದಿಂದ ಅದರ ಮೌಲ್ಯವನ್ನು ಬಿಡಿಸಿಕೊಳ್ಳುವಾಗ ಒಂದು ರೂಪವನ್ನು ಮರೆತರೆ ಕಂಪೈಲರ್ ತಡೆಯುತ್ತದೆ.